ಬೀಳದ ರಾಜಕುಮಾರ

ಬಳ್ಳಾರಿ ರಸ್ತೆಯ ಮಗ್ಗುಲಿನ ಗಂಗಾನಗರದಂತಹ ಬಡಾವಣೆಗಳಲ್ಲಿ ಮನೆಗೆ ಮೊದಲ ಕಂಪ್ಯೂಟರ್ ಬಂದಾಗ ತಂದೆತಾಯಿಗಳು ಹೇಳಿಕೊಂಡ ಕಾರಣ ಮಕ್ಕಳ ವಿದ್ಯಾಭ್ಯಾಸ. ಮಕ್ಕಳು ಕಂಡುಕೊಂಡ ಪ್ರಯೋಜನ ಮಾತ್ರ ಬೇರೆ. 1990ರ ದಶಕದಲ್ಲಿ ಹಾಗೆ ಮನೆಗಳನ್ನು ಹೊಕ್ಕ ಆಟಗಳಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಒಂದು. ಅದನ್ನಾಡಿ ಬೆಳೆದವರು 2010ರಲ್ಲಿ ಅದೇ ಹೆಸರಿನ ಚಲಚ್ಚಿತ್ರ ಬಂದಾಗ ಉತ್ಸಾಹದಿಂದಲೇ ಹೋದರು; ಹಿಂದಿರುಗುವಾಗ ಅನೇಕರ ಮುಖ ಬಾಡಿದ್ದಿತು. ಆ ನಿರಾಶೆಗೆ ಕಾರಣವೇನು?

ಆಟದ ಕರ್ತೃ ಅಮೆರಿಕದ ಜೋರ್ಡನ್ ಮೆಕ್ನರ್. ಬಿಳಿಯುಡುಪು ತೊಟ್ಟ ತಮ್ಮನನ್ನು ಓಡಿಸಿ, ನೆಗೆಯಿಸಿ, ಚಿತ್ರ ತೆಗೆದು, ಒಂದೊಂದು ಭಂಗಿಯನ್ನೂ ಕೈಯಾರೆ ತಿದ್ದಿ ಅವರು ತಮ್ಮ ನಾಯಕನಿಗೆ ಜೀವವಿತ್ತರು. 1989ರಲ್ಲಿ ಆಟ ಹೊರಬಂದಿತು. ದುಷ್ಟ ವಜೀರ ಜಾಫರನು ರಾಜಕುಮಾರಿಯನ್ನು ಸೆರೆಯಿಟ್ಟಿದ್ದಾನೆ. ಬಿಡಿಸಲು ನಾಯಕನಿಗಿರುವ ಅವಧಿ ಒಂದೇ ಗಂಟೆ. ಹೆಜ್ಜೆ ತಪ್ಪಿದರೆ ಕೆಳಗೆ ಮೊನಚಾದ ಶೂಲಗಳು. ತಪ್ಪು ಯಾರದು? ಕೀಲಿಮಣೆಯ ಮುಂದೆ ಕುಳಿತವನದೇ. ದೂರುವುದಕ್ಕೆ ಬೇರೆ ಯಾರೂ ಇಲ್ಲ. ಎದ್ದು ಮತ್ತೆ ನಡೆಯಬೇಕು.

ಕೊನೆಯ ಘಟ್ಟದಲ್ಲಿ ನಾಯಕನಿಗೆ ತನ್ನ ನೆರಳೇ ಎದುರಾಳಿಯಾಗಿ ನಿಲ್ಲುತ್ತದೆ. ನೆರಳಿಗೆ ಕೊಟ್ಟ ಏಟು ತನಗೇ ತಗಲುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿ ಮುನ್ನಡೆದರೆ ಮಾತ್ರ ಅದು ಅವನಲ್ಲಿ ಲೀನವಾಗುತ್ತದೆ. ಹತ್ತಾರು ಬಾರಿ ಸೋತು ಈ ಗುಟ್ಟನ್ನು ತಾನೇ ಕಂಡುಕೊಂಡ ಹುಡುಗನ ಸಂತೋಷವನ್ನು ಯಾವ ಗುರು ಕೊಟ್ಟಾನು?

ಚಲಚ್ಚಿತ್ರದಲ್ಲಿ ವೈಭವಕ್ಕೆ ಕೊರತೆಯಿರಲಿಲ್ಲ. ಮೈಕ್ ನ್ಯೂವೆಲ್ ಅವರ ನಿರ್ದೇಶನ, ಮೊರಾಕೋದ ಮರಳುಗಾಡು, ನಾಯಕನ ಪಾತ್ರದಲ್ಲಿ ಜೇಕ್ ಜಿಲೆನ್‌ಹಾಲ್. ಕಥೆ ಹೆಣೆಯುವಲ್ಲಿ ಮೆಕ್ನರ್ ಅವರ ಕೈಯೂ ಇದ್ದಿತು. ಇದೇ ಮಾಲಿಕೆಯ 2003ರ ಆಟದಿಂದ, ಕಾಲವನ್ನು ಹಿಂದಕ್ಕೆ ತಿರುಗಿಸುವ ಕಠಾರಿಯೊಂದನ್ನು ತಂದುಕೊಂಡರು. ಆಟದಲ್ಲಿ ಅದು ಆಡುವವನು ತನ್ನ ತಪ್ಪನ್ನು ತಿದ್ದಿಕೊಳ್ಳುವ ಸಾಧನ. ಮರಳು ಮುಗಿದರೆ ಅದೂ ಇಲ್ಲ. ಚಿತ್ರದಲ್ಲಿ ಅದು ಕಥೆಗಾರನ ಅನುಕೂಲವಾಯಿತು. ಕಡೆಗೆ ಕಾಲವೇ ಹಿಂದೆ ಸರಿದು, ನಡೆದುದೆಲ್ಲ ನಡೆಯಲೇ ಇಲ್ಲವೆಂದಾಯಿತು. ಮಡಿದವರೂ ಎದ್ದು ಬಂದರು. ಸುಮಾರು ಎರಡು ಗಂಟೆ ಕುಳಿತ ಪ್ರೇಕ್ಷಕನಿಗೆ ಉಳಿದುದೇನು? ಅಪಾರ ವೆಚ್ಚದ ಈ ಚಿತ್ರ ಲೋಕದಾದ್ಯಂತ 33 ಕೋಟಿ ಡಾಲರಿಗೂ ಮೀರಿ ಗಳಿಸಿತು. ಆದರೂ ಅದರ ಮುಂದಿನ ಭಾಗ ಬರಲಿಲ್ಲ.

ಮೂಲವನ್ನು ಬಿಟ್ಟು ಸರಿದುದೇ ದೋಷವೆನ್ನುವಂತಿಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ‘ನಾಗರಹಾವು’ ತೆಗೆದಾಗ ಕಾದಂಬರಿಕಾರರಿಗೇ ತೃಪ್ತಿಯಾಗಲಿಲ್ಲ. ಕನ್ನಡಿಗರು ಮಾತ್ರ ಆ ಚಿತ್ರವನ್ನು ಇಂದಿಗೂ ಮರೆತಿಲ್ಲ. ಅಲ್ಲಿ ರಾಮಾಚಾರಿಯ ತಪ್ಪಿಗೆ ರಾಮಾಚಾರಿಯೇ ಬೆಲೆ ತೆತ್ತನು. ಬೆಟ್ಟದಿಂದ ಬಿದ್ದ ಚಾಮಯ್ಯ ಮೇಷ್ಟರನ್ನು ಯಾವ ಕಠಾರಿಯೂ ಹಿಂದಕ್ಕೆ ತರಲಿಲ್ಲ, ಶಿಷ್ಯನೂ ಉಳಿಯಲಿಲ್ಲ. ಪ್ರೇಕ್ಷಕರು ಆ ಭಾರವನ್ನು ಹೊತ್ತುಕೊಂಡೇ ಮನೆಗೆ ನಡೆದರು.

ಆಟವೆಂದರೆ ಕಾಲಹರಣವೆಂದು ಗದರುವ ಹಿರಿಯರು ಇಷ್ಟನ್ನು ಗಮನಿಸಬೇಕು. ಹೊತ್ತಿಗೊಂದು ಮಿತಿ ಬೇಕೆಂಬುದು ನಿಜ. ಆದರೆ ಬಿದ್ದ ಮಗು ಯಾರನ್ನೂ ದೂರದೆ, ಎಲ್ಲಿ ಎಡವಿದೆನೆಂದು ಯೋಚಿಸಿ ಮತ್ತೆ ನೆಗೆಯುವಾಗ ಅದು ಕಲಿಯುತ್ತಿರುವ ಪಾಠ ಸಣ್ಣದಲ್ಲ. ಪರದೆಯ ಮೇಲಿನ ಬೀಳದ ರಾಜಕುಮಾರನನ್ನು ಎಷ್ಟು ನೋಡಿದರೂ ಆ ಪಾಠ ದೊರೆಯಲಾರದು.