ಮಾವನವರ ಎಂಟು ಗಂಟೆ

ನಮ್ಮ ಸೋದರಮಾವನವರು ಮುಂಬಯಿಯ ಮಾಟುಂಗಾದಲ್ಲಿ ನೆಲೆಸಿದವರು. ಗಣಿತದ ಮೇಷ್ಟರಾಗಿದ್ದು ನಿವೃತ್ತರಾದವರು. ಕಳೆದ ಚಳಿಗಾಲದಲ್ಲಿ ಅತ್ತೆಯವರು ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಒಬ್ಬರೇ ಹೊರಟರು. ವಿಮಾನ ಹೊರಟದ್ದು ಮಧ್ಯಾಹ್ನ ಒಂದು ಗಂಟೆಗೆ. ಟಿಕೇಟು ಅತ್ತೆಯವರ ಕೈಚೀಲದಲ್ಲಿಯೇ ಹೋಗಿತ್ತು. ಮಾವನವರು ಮನೆಗೆ ಬಂದವರೇ ಹಳೆಯ ಲಕೋಟೆಯೊಂದರ ಬೆನ್ನಿನ ಮೇಲೆ ಲೆಕ್ಕ ಹಾಕಿದರು: ದೂರ 7,200 ಕಿಲೋಮೀಟರ್, ವೇಗ ಗಂಟೆಗೆ 900; ಭಾಗಿಸಿದರೆ ಎಂಟು ಗಂಟೆ. ರಾತ್ರಿ ಒಂಬತ್ತಕ್ಕೆ ಇಳಿಯಲೇಬೇಕು.

ಒಂಬತ್ತಾಯಿತು, ಹತ್ತಾಯಿತು. ಹತ್ತೂವರೆಗೆ ನನಗೆ ಅವರ ಕರೆ ಬಂತು. “ಏನಯ್ಯ, ವಿಮಾನ ಎಲ್ಲಿ ಹೋಯಿತು?” ಎಂದ ಆ ಧ್ವನಿಯಲ್ಲಿ ಮೇಷ್ಟರ ಗತ್ತು ಇರಲಿಲ್ಲ.

ಭಾಗಾಕಾರ ಸರಿಯೇ, ತಪ್ಪಿದ್ದದ್ದು ಅದಕ್ಕೆ ಇಟ್ಟ ಅಂಕಿಗಳಲ್ಲಿ. 7,200 ಎಂಬುದು ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಅಳೆದ ದೂರ. ಆ ದಾರ ಪಾಕಿಸ್ತಾನ, ಇರಾನ್, ಕ್ಯಾಸ್ಪಿಯನ್ ಸಮುದ್ರ, ಯುಕ್ರೇನ್‌ಗಳ ಮೇಲಿಂದ ಹಾದುಹೋಗುತ್ತದೆ. ಯುಕ್ರೇನಿನ ಆಕಾಶ 2022ರ ಫೆಬ್ರವರಿಯಲ್ಲಿ ಯುದ್ಧದಿಂದ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಎದುರು ಮನೆಯವರು ಗೇಟು ಹಾಕಿದರೆ ನಾವು ಬೀದಿ ಸುತ್ತಿ ಹೋಗುವುದಿಲ್ಲವೆ, ಹಾಗೆ.

ಇನ್ನು ಗಾಳಿ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಗಾಳಿಯ ಹೊಳೆಯೊಂದು ಹರಿಯುತ್ತಿರುತ್ತದೆ; ಚಳಿಗಾಲದಲ್ಲಿ ಅದರ ರಭಸ ಹೆಚ್ಚು. ವಿಮಾನದ 900 ಗಾಳಿಯೊಳಗಿನ ವೇಗವೇ ಹೊರತು ನೆಲದ ಮೇಲಿನದಲ್ಲ. ಎದುರುಗಾಳಿ ಸರಾಸರಿ 100 ಇದ್ದರೆ ನೆಲದ ವೇಗ 800. ಒಂಬತ್ತು ಗಂಟೆ ಬೇಕು. ಹಿಂದಿರುಗುವಾಗ ಅದೇ ಗಾಳಿ ಬೆನ್ನಿಗೆ ಬಿದ್ದರೆ ಏಳು ಗಂಟೆ ಹನ್ನೆರಡು ನಿಮಿಷ ಸಾಕು. ಹೋಗುವಾಗ ಕಳೆದದ್ದು ಒಂದು ಗಂಟೆ, ಬರುವಾಗ ಗಳಿಸಿದ್ದು ನಲವತ್ತೆಂಟು ನಿಮಿಷ! ಗಾಳಿ ತಾನು ಕಸಿದುಕೊಂಡದ್ದನ್ನು ಪೂರ್ತಿಯಾಗಿ ಮರಳಿಸುವುದಿಲ್ಲ. ಇದನ್ನು ಕೇಳಿ ಮಾವನವರು ಕ್ಷಣಕಾಲ ಅತ್ತೆಯವರನ್ನೂ ಮರೆತು ಲಕೋಟೆಯನ್ನು ಮತ್ತೆ ಕೈಗೆತ್ತಿಕೊಂಡರೆಂದು ಕಾಣುತ್ತದೆ. ಪೆನ್ಸಿಲ್ ಗೀಚುವ ಸದ್ದು ನನಗೆ ಕೇಳಿಸಿತು. ಇದರ ಮೇಲೆ ಹೀಥ್ರೂ ನಿಲ್ದಾಣಕ್ಕೆ ಇರುವುದು ಎರಡೇ ಓಡುದಾರಿ; ಸರದಿ ಬರುವವರೆಗೆ ವಿಮಾನಗಳು ಮೇಲೆಯೇ ಗಿರಕಿ ಹೊಡೆಯಬೇಕಾಗುತ್ತದೆ.

“1948ರಲ್ಲಿ ಆಗಿದ್ದರೆ ಏನು ಮಾಡುತ್ತಿದ್ದಿರಿ?” ಎಂದು ಕೇಳಿದೆ. ಆ ವರ್ಷದ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನ ಮುಂಬಯಿಯಿಂದ 35 ಮಂದಿಯನ್ನು ಹೊತ್ತು ಏರ್ ಇಂಡಿಯಾದ ಮೊದಲ ಲಂಡನ್ ಯಾತ್ರೆ ಹೊರಟಿತು. ಕೈರೋದಲ್ಲಿ ಇಳಿದು, ಜಿನೀವಾದಲ್ಲಿ ಇಳಿದು, ಲಂಡನ್ ಸೇರಿದ್ದು 10ನೆಯ ತಾರೀಖು. ಮನೆಯವರಿಗೆ ತಂತಿ ಬಂದಾಗಲೇ ಸಮಾಧಾನ.

“ನಿಮ್ಮತ್ತೆ ಅದರಲ್ಲಿ ಹೋಗಿಲ್ಲವಲ್ಲ” ಎಂದು ಮಾವನವರು ಕರೆ ಕತ್ತರಿಸಿದರು.

ಹನ್ನೊಂದೂಕಾಲಕ್ಕೆ ಅತ್ತೆಯವರ ಫೋನು ಬಂತಂತೆ. ಅಲ್ಲಿ ಸಂಜೆ ಆರು ಗಂಟೆಯೂ ಆಗಿರಲಿಲ್ಲ; ಚಳಿಗಾಲದಲ್ಲಿ ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಅವರು ಮೊದಲು ಕೇಳಿದ ಮಾತು, “ಮಾಡಿಟ್ಟ ಸಾರು ಬಿಸಿ ಮಾಡಿಕೊಂಡಿರಾ?” ಎಂದು.

ಮಾವನವರು ಇನ್ನೂ ಊಟಕ್ಕೆ ಕುಳಿತಿರಲಿಲ್ಲ.