ಕಡತ ಕಳೆದಿದೆಯಂತೆ, ಕಳೆದವರು ಯಾರು?



ಶಿವಮೊಗ್ಗದ ಅಂಚಿಗೆ ಒಂದು ಹಳ್ಳಿ. ಈಗ ಅದನ್ನು ಹಳ್ಳಿ ಅನ್ನುವ ಹಾಗಿಲ್ಲ, ಪೇಟೆ ಬೆಳೆದು ಬಂದು ನುಂಗಿದೆ. ಅಲ್ಲಿಯ ಕೇರಿಯ ಅಜ್ಜನೊಬ್ಬನ ಜೊತೆ ನಾವು ಮೂವರು ಹುಡುಗರು ಹೋದ ಮಳೆಗಾಲದಿಂದ ಒಂದು ಕಛೇರಿಗೆ ಅಲೆಯುತ್ತಿದ್ದೇವೆ. ಅಜ್ಜನ ಅಪ್ಪನಿಗೆ ಅರವತ್ತರ ದಶಕದಲ್ಲಿ ದರಖಾಸ್ತಿನಲ್ಲಿ ಎರಡು ಎಕರೆ ಮಂಜೂರಾಗಿತ್ತು. ಸರ್ವೆಯವರು ಬಂದು ಬಾಂದು ಕಲ್ಲು ನೆಡುವಾಗ ಚೈನಿನ ತುದಿ ಹಿಡಿದು ಓಡಿದ್ದು ಅಜ್ಜನಿಗೆ ಇವತ್ತಿಗೂ ನೆನಪಿದೆ. ಆಮೇಲೆ ಅಕ್ಕನ ಮದುವೆ, ಮದುವೆಯ ಸಾಲ, ಊರ ದೊಡ್ಡವರ ಜಗಲಿಯ ಕೆಳಗೆ ನಿಂತು ಜಗಲಿಯ ಮೇಲಿದ್ದ ಕಾಗದಕ್ಕೆ ಅಪ್ಪ ಒತ್ತಿದ ಹೆಬ್ಬೆಟ್ಟು. ಈಗ ಆ ಎರಡು ಎಕರೆಯಲ್ಲಿ ಸೈಟುಗಳಿವೆ, ಸಿಮೆಂಟು ರಸ್ತೆ ಇದೆ, ಪಾರ್ಕಿಗೆ ಜಾಗ ಬಿಟ್ಟಿದ್ದೇವೆ ಅಂತ ಬೋರ್ಡೂ ಇದೆ.

ಮೊದಲ ದಿನ ಅಜ್ಜ ಕೌಂಟರಿನ ಮುಂದೆ ಕೈ ಕಟ್ಟಿ ನಿಂತು, 'ಬುದ್ದೀ, ನಮ್ಮಪ್ಪನ ಜಮೀನಿಂದು ಕಾಗ್ದ ಒಂದು ಕೊಡ್ಸಿ, ಪುಣ್ಯ ಬರ್ತದೆ' ಅಂದ. ಒಳಗಿದ್ದವರು ತಲೆ ಎತ್ತದೆ, 'ಯಾವ ಕಾಗ್ದ ಅಜ್ಜ? ಯಾವ ಇಸವಿ? ಎಲ್.ಎನ್.ಡಿ. ನಂಬರ್ ಎಷ್ಟು?' ಅಂತ ಕೇಳಿದರು. ಅಜ್ಜ ನಮ್ಮ ಮುಖ ನೋಡಿದ. ಬಿ.ಎ. ಪಾಸಾದ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಭೂಮಿಯ ಮೇಲೆ ನಾವು ಎಷ್ಟು ಕವಿತೆ ಬರೆದಿದ್ದೇವೆ! ಭೂಮಿತಾಯಿ, ನೆತ್ತರು, ಬೆವರು ಎಲ್ಲ ಬಂದಿದೆ. ಪಹಣಿಯ 9ನೇ ಕಲಮಿನಲ್ಲಿ ಏನಿರುತ್ತದೆ, 11ನೇ ಕಲಮಿನಲ್ಲಿ ಏನಿರುತ್ತದೆ ಅಂತ ಒಬ್ಬನಿಗೂ ಗೊತ್ತಿರಲಿಲ್ಲ.

ನಾಲ್ಕು ಸಲ ಹೋದ ಮೇಲೆ ಒಂದು ಹಿಂಬರಹ ಕೊಟ್ಟರು. 'ಸದರಿ ಕಡತವು ಅಭಿಲೇಖಾಲಯದಲ್ಲಿ ಹುಡುಕಲಾಗಿ ಲಭ್ಯವಿರುವುದಿಲ್ಲ.' ಈ ವಾಕ್ಯವನ್ನು ನಾವು ರಾತ್ರಿಯೆಲ್ಲ ಓದಿದೆವು. ಕನ್ನಡ ಮೇಜರ್ ಮಾಡಿದ್ದು ಅಲ್ಲಿ ಉಪಯೋಗಕ್ಕೆ ಬಂತು ಅನ್ನಿ. ಈ ವಾಕ್ಯದಲ್ಲಿ ಕರ್ತೃಪದವೇ ಇಲ್ಲ. ಹುಡುಕಿದವನು ಯಾರು? ಯಾವ ದಿನ ಹುಡುಕಿದ? ಯಾವ ಬೀರುವಿನಲ್ಲಿ? ಇದ್ದದ್ದು ಇಲ್ಲವಾದದ್ದು ಯಾವಾಗ? ಒಬ್ಬ ಬಡವನ ಎರಡು ಎಕರೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಈ ಕನ್ನಡವನ್ನು ಯಾವ ಪಂಪನೂ ಬರೆದಿರಲಾರ.

ಕಾಗದ ಇಲ್ಲದವನು ಅಂತ ನಮ್ಮವರನ್ನು ಕರೆಯುತ್ತಾರಲ್ಲ, ಅದರ ಹಿಂದಿನ ಕಥೆ ನೋಡಿ. ಹಳೇ ಮೈಸೂರು ಸೀಮೆಯಲ್ಲಿ ಊರಿನ ಗಡಿ ಯಾವುದು ಅಂತ ಜಗಳ ಬಂದರೆ ಹೇಳಬೇಕಾದವನು ಹೊಲೆಯರ ಕುಳವಾಡಿ. ಊರ ಮಣ್ಣಿನ ಉಂಡೆ ತಲೆಯ ಮೇಲಿಟ್ಟುಕೊಂಡು ಅವನು ಗಡಿಯ ಮೇಲೆ ನಡೆಯಬೇಕಿತ್ತು. ಸರಿಯಾದ ಗಡಿ ಬಿಟ್ಟು ಆಚೆ ಕಾಲಿಟ್ಟರೆ ಉಂಡೆ ಒಡೆಯುತ್ತದೆ, ಹದಿನೈದು ದಿನದಲ್ಲಿ ಅವನು ಸಾಯುತ್ತಾನೆ ಅಂತ ನಂಬಿಕೆ. 1870ರ ದಶಕದಲ್ಲಿ ಮೆಕೆಂಜಿ ಅನ್ನುವ ಇಂಗ್ಲಿಷ್ ಅಧಿಕಾರಿ ಇದನ್ನು ಬರೆದಿಟ್ಟಿದ್ದಾನೆ. ಅಂದರೆ ಇಡೀ ಊರಿನ ಭೂಮಿಯ ದಾಖಲೆ ನಮ್ಮ ತಾತನ ಕಾಲಲ್ಲಿ, ತಲೆಯಲ್ಲಿ ಇತ್ತು. ಗೌಡನ ಗದ್ದೆ ಎಲ್ಲಿಗೆ ಮುಗಿಯಿತು ಅಂತ ಪ್ರಾಣ ಒತ್ತೆಯಿಟ್ಟು ಹೇಳಿದವನು ನಾವು, ಅದನ್ನು ಪುಸ್ತಕಕ್ಕೆ ಹತ್ತಿಸಿಕೊಂಡವನು ಶಾನುಭೋಗ. ಆ ಪುಸ್ತಕದಲ್ಲಿ ನಮಗೆ ಇದ್ದದ್ದು ತೋಟಿ ಇನಾಮು, ತಳವಾರ ಇನಾಮು, ನೀರುಗಂಟಿ ಇನಾಮು. ಊರ ಚಾಕರಿಗೆ ಕೊಟ್ಟ ತುಂಡು. ಮುಂಬಯಿ ಸೀಮೆಯಲ್ಲಿ ಇಂಥದ್ದೇ ಮಹಾರ್ ವತನಿನ ಬಿಟ್ಟಿ ಚಾಕರಿ ತಪ್ಪಿಸಲು ಬಾಬಾಸಾಹೇಬರು 1928ರಲ್ಲೇ ಶಾಸನ ಸಭೆಗೆ ಮಸೂದೆ ತಂದರು. ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ.

ಇನ್ನು ಭದ್ರಾವತಿ. ಅಲ್ಲಿಯ ನಮ್ಮ ಗೆಳೆಯರು ಒಂದು ಮಾತು ಹೇಳಿ ನಗುತ್ತಾರೆ. 1930ರ ದಶಕದಲ್ಲಿ ಶುರುವಾಗಿ 2015ರಲ್ಲಿ ಉತ್ಪಾದನೆ ನಿಲ್ಲಿಸುವ ತನಕ ಮೈಸೂರು ಕಾಗದದ ಕಾರ್ಖಾನೆ ಆ ಊರಲ್ಲಿ ಟನ್ನುಗಟ್ಟಲೆ ಕಾಗದ ಮಾಡಿತು. ಬಿದಿರು ಕಡಿದವರಲ್ಲಿ, ಹೊತ್ತವರಲ್ಲಿ ನಮ್ಮವರಿದ್ದರು. ಆ ಊರಲ್ಲೇ ಎಷ್ಟೋ ಗುಡಿಸಲಿಗೆ ಒಂದು ಹಾಳೆ ಹಕ್ಕುಪತ್ರ ಇಲ್ಲ.

ಹಾಗಾದರೆ ಈ ಹಳೇ ಕಾಗದಕ್ಕೆ ಯಾಕೆ ಇಷ್ಟು ಒದ್ದಾಟ? ಕಾರಣ ಪಿ.ಟಿ.ಸಿ.ಎಲ್. ಕಾಯಿದೆ. ದೇವರಾಜ ಅರಸರ ಸರ್ಕಾರ 1978ರಲ್ಲಿ ಮಾಡಿದ್ದು, 1979ರ ಜನವರಿ 1ರಿಂದ ಜಾರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಮಂಜೂರಾತಿಯ ಷರತ್ತು ಮುರಿದು ಯಾರಾದರೂ ಬರೆಸಿಕೊಂಡಿದ್ದರೆ ಆ ಕ್ರಯ ಬಿದ್ದುಹೋಗುತ್ತದೆ, ಅದು ಕಾಯಿದೆಗಿಂತ ಮೊದಲು ಆದದ್ದಾದರೂ ಸರಿಯೆ. ಕಾಯಿದೆ ಬಂದ ಮೇಲಂತೂ ಸರ್ಕಾರದ ಅಪ್ಪಣೆ ಇಲ್ಲದೆ ಮಾರುವಂತೆಯೇ ಇಲ್ಲ. ಭೂಮಿ ವಾಪಸು ಕೊಡಿಸುವ ಅಧಿಕಾರ ಎ.ಸಿ. ಸಾಹೇಬರದು, ಅಲ್ಲಿಂದ ಮೇಲ್ಮನವಿ ಡಿ.ಸಿ.ಗೆ. ಭೂಮಿ ಕೊಂಡವರು ಸುಪ್ರೀಂ ಕೋರ್ಟಿನ ತನಕ ಹೋದರು. 1984ರಲ್ಲಿ ಮಂಚೇಗೌಡ ಮೊಕದ್ದಮೆಯಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು ತಡವಾಗಿ ಬಂದ ಅರ್ಜಿ ನಡೆಯದು ಅಂದಿತು, ನಮ್ಮವರ ಎಷ್ಟೋ ಕೇಸುಗಳು ಅದರ ಹೊಡೆತಕ್ಕೆ ಸಿಕ್ಕವು. ಹೋರಾಟ ಆಗಿ 2023ರಲ್ಲಿ ತಿದ್ದುಪಡಿ ಬಂತು, ಕಾಲಮಿತಿ ಇಲ್ಲ ಅಂತ ಕಾಯಿದೆಗೇ ಸೇರಿತು. ಆದರೂ ಕೋರ್ಟಿನಲ್ಲಿ ತಡದ ಜಗಳ ಪೂರಾ ಮುಗಿದಿಲ್ಲ, ಒಳ್ಳೇ ವಕೀಲರನ್ನು ಕೇಳಿಯೇ ಮುಂದೆ ಹೋಗಿ.

ಈ ಕಾಯಿದೆಯ 5ನೇ ಕಲಮಿನ 3ನೇ ಉಪಕಲಮು ಬಹಳ ಜನಕ್ಕೆ ಗೊತ್ತಿಲ್ಲ. ಮಂಜೂರಾದ ಭೂಮಿ ಮೂಲ ಮಂಜೂರುದಾರನ ಅಥವಾ ಅವನ ವಾರಸುದಾರರ ಕೈ ಬಿಟ್ಟು ಬೇರೆಯವರ ಸ್ವಾಧೀನದಲ್ಲಿದ್ದರೆ, ಅವರು ಅದನ್ನು ಅಕ್ರಮವಾಗಿ ಪಡೆದಿದ್ದಾರೆ ಅಂತಲೇ ಮೊದಲು ಭಾವಿಸಬೇಕು. ಅಲ್ಲ ಅಂತ ತೋರಿಸುವ ಹೊಣೆ ಅವರದು! ನೂರಾರು ವರ್ಷ ನಾವೇ ಎಲ್ಲಕ್ಕೂ ಸಾಕ್ಷಿ ಕೊಡುತ್ತಾ ಬಂದ ದೇಶದಲ್ಲಿ ಇಂಥ ಒಂದು ಸಾಲು ಹೇಗೆ ಬಂತೋ! ಆದರೆ ಒಂದು ಬಾಗಿಲು ನಾವೇ ತೆರೆಯಬೇಕು. ಅದು ಮಂಜೂರಾದ ಭೂಮಿ ಅಂತ ತೋರಿಸಬೇಕು. ಸಾಗುವಳಿ ಚೀಟಿ ಬೇಕು, ಮಂಜೂರಾತಿ ಆದೇಶ ಬೇಕು, ಪರಭಾರೆ ಮಾಡಕೂಡದು ಅನ್ನುವ ಷರತ್ತು ಎಷ್ಟು ವರ್ಷಕ್ಕೆ ಅಂತ ಗೊತ್ತಾಗಬೇಕು. ಚೀಟಿ ಮನೆಯಲ್ಲಿ ಇಲ್ಲ. ಸೂರಿನ ಗಳುವಿಗೆ ಸಿಕ್ಕಿಸಿದ್ದು ಗೆದ್ದಲು ತಿಂದಿತು, ಇಲ್ಲವೆ ಕ್ರಯದ ದಿನವೇ ಜಗಲಿಯ ಮೇಲಿನವರು ಇಸಿದುಕೊಂಡರು. ಇನ್ನೊಂದು ಪ್ರತಿ ಇರುವುದು ಸರ್ಕಾರದ ರೆಕಾರ್ಡು ರೂಮಿನಲ್ಲಿ. ಅದು 'ಲಭ್ಯವಿರುವುದಿಲ್ಲ' ಅಂದರೆ ಕಾಯಿದೆ ಇದ್ದೂ ಇಲ್ಲದ ಹಾಗೆ.

ಈ ಆರು ತಿಂಗಳಲ್ಲಿ ನಾವು ಕಲಿತದ್ದು ಏನೆಂದರೆ, ಕಾಗದ ಯಾವತ್ತೂ ಒಂಟಿಯಲ್ಲ, ಅದಕ್ಕೂ ನೆಂಟರಿದ್ದಾರೆ. ಮಂಜೂರಾತಿ ಕಡತ ಹೋದರೆ ದರಖಾಸ್ತು ರಿಜಿಸ್ಟರು ಇರುತ್ತದೆ. ಅದೂ ಹೋದರೆ ಮಂಜೂರಾದಾಗ ಖಾತೆ ಬದಲಾದ ಮುಟೇಷನ್ ವಹಿ, ಐ.ಎಲ್.–ಆರ್.ಆರ್. ಪುಸ್ತಕ, ಆ ಕಾಲದ ಕೈಬರಹ ಪಹಣಿ. ಸರ್ವೆ ಇಲಾಖೆಯಲ್ಲಿ ಟಿಪ್ಪಣಿ, ಆಕಾರಬಂದು. ಅಜ್ಜ ಹಿಡಿದ ಚೈನಿನ ಲೆಕ್ಕ ಅಲ್ಲಿ ಬಿದ್ದಿರಬೇಕು. ಕಂಪ್ಯೂಟರ್ ಪಹಣಿ ಒಂದನ್ನೇ ನಂಬಿ ಕೂರಬೇಡಿ. ಭೂಮಿ ಯೋಜನೆಯಲ್ಲಿ ಅದು ಬಂದದ್ದು 2000ದ ಆಸುಪಾಸಿನಲ್ಲಿ, ನಮ್ಮ ಕಥೆ ಅದಕ್ಕೆ ಮೂವತ್ತು ನಲವತ್ತು ವರ್ಷ ಮೊದಲಿನದು.

ಎಲ್ಲಕ್ಕಿಂತ ಮುಖ್ಯವಾದ ನೆಂಟ ಸಬ್ ರಿಜಿಸ್ಟ್ರಾರ್ ಕಛೇರಿಯಲ್ಲಿದ್ದಾನೆ. ಕೊಂಡವರ ಕ್ರಯಪತ್ರ! ರಿಜಿಸ್ಟ್ರೇಷನ್ ಕಾಯಿದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿ ಪತ್ರಗಳ ಒಂದನೇ ಪುಸ್ತಕವನ್ನು ಯಾರು ಬೇಕಾದರೂ ಫೀಸು ಕಟ್ಟಿ ನೋಡಬಹುದು, ನಕಲು ಪಡೆಯಬಹುದು. ನಿನಗೇನು ಸಂಬಂಧ ಅಂತ ಕೇಳುವ ಹಾಗಿಲ್ಲ. ನಾವು ಋಣಭಾರ ಪತ್ರ ಹಾಕಿಸಿ, ಅದರಲ್ಲಿ ಸಿಕ್ಕ ನಂಬರು ಹಿಡಿದು ಅಜ್ಜನ ಅಪ್ಪ ಒತ್ತಿದ ಪತ್ರದ ನಕಲು ತೆಗೆಸಿದೆವು. ಅದರ ಎರಡನೇ ಪ್ಯಾರಾದಲ್ಲಿ ಬರೆದಿತ್ತು: ಈ ಸ್ವತ್ತು ನನಗೆ ಸರ್ಕಾರದಿಂದ ದರಖಾಸ್ತು ಮೂಲಕ ಮಂಜೂರಾದದ್ದು, ಇಂಥ ನಂಬರಿನ ಆದೇಶ, ಇಂಥ ತಾರೀಖು. ಬರೆಸಿಕೊಂಡವರು ತಮ್ಮ ಭದ್ರತೆಗೆ ಅಂತ ಬರೆಸಿದ್ದು. ಆ ನಂಬರನ್ನೇ ಕೌಂಟರಿನವರು ಮೊದಲ ದಿನ ಕೇಳಿದ್ದು. ಅಜ್ಜನಿಗೆ ಓದಿ ಹೇಳಿದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, 'ನಮ್ಮಪ್ಪನ ಹೆಬ್ಬೆಟ್ಟು ಇಷ್ಟು ಸಣ್ಣದಾ' ಅಂದ.

ನಂಬರು ಸಿಕ್ಕ ಮೇಲೆ ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕೂತೆವು. ಅಲ್ಲಿ ನಮ್ಮೊಳಗೇ ಜಗಳ. ಅರ್ಜಿ ಬರೆಯುವ ಮುನ್ಷಿ ಒಂದು ಮಾದರಿ ಕೊಟ್ಟಿದ್ದರು: 'ತಮ್ಮಲ್ಲಿ ಅತ್ಯಂತ ವಿನಮ್ರನಾಗಿ ಬೇಡಿಕೊಳ್ಳುವುದೇನೆಂದರೆ, ತಾವು ದಯಮಾಡಿ ಬಡವನ ಮೇಲೆ ಕೃಪೆ ತೋರಿ...' ನಮ್ಮಲ್ಲೊಬ್ಬ, 'ಇರಲಿ ಬಿಡ್ರೋ, ಕೆಲ್ಸ ಆದ್ರೆ ಸಾಕು' ಅಂದ. ನಾವು ಒಪ್ಪಲಿಲ್ಲ. ಜಗಲಿ ಹೋಗಿ ಕೌಂಟರ್ ಬಂದರೂ ಭಾಷೆ ಜಗಲಿಯದ್ದೇ ಉಳಿದರೆ ಹೇಗೆ? 2005ರ ಕಾಯಿದೆಯ 6ನೇ ಕಲಮು ಹೇಳುತ್ತದೆ, ಯಾಕೆ ಬೇಕು ಅಂತ ಕಾರಣ ಹೇಳಬೇಕಿಲ್ಲ. ಬರೆಯಲು ಬಾರದವನು ಬಾಯಲ್ಲಿ ಹೇಳಿದರೆ ಬರೆದುಕೊಳ್ಳಲು ನೆರವಾಗುವುದು ಅಧಿಕಾರಿಯ ಕೆಲಸ. ಫೀಸು ಹತ್ತು ರೂಪಾಯಿ, ಬಿ.ಪಿ.ಎಲ್. ಕಾರ್ಡಿನವರಿಗೆ ಅದೂ ಇಲ್ಲ. ಮೂವತ್ತು ದಿನದಲ್ಲಿ ಉತ್ತರ ಬರಬೇಕು, ತಡವಾದರೆ ನಕಲು ಪುಕ್ಕಟೆ ಕೊಡಬೇಕು. ಇದರಲ್ಲಿ ಬೇಡುವುದೇನು ಬಂತು? ರಾಜಸ್ಥಾನದ ಕೂಲಿಯವರು ತೊಂಬತ್ತರ ದಶಕದಲ್ಲಿ ಮಸ್ಟರ್ ರೋಲು ತೋರಿಸಿ ಅಂತ ಬೀದಿಯಲ್ಲಿ ಕೂತು ಕೇಳಿದ್ದರಿಂದ ಈ ಕಾಯಿದೆ ಹುಟ್ಟಿತು. ನಮ್ಮ ರಾಜ್ಯದ ನಿಯಮದಲ್ಲಿ 2008ರಿಂದ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮಾತ್ರ ಅಂತ ಕಡಿವಾಣ ಇದೆ. ಹಾಗಾಗಿ 'ವಿನಮ್ರನಾಗಿ' ಬರೆಯಲು ಜಾಗವೂ ಇಲ್ಲ.

ನಾವು ಬರೆದದ್ದು ಇಷ್ಟು: ಇಂಥ ನಂಬರಿನ ಕಡತದ ದೃಢೀಕೃತ ನಕಲು ಕೊಡಿ. ಕಡತ ಇಲ್ಲವಾದರೆ ಅದು ಅಭಿಲೇಖಾಲಯಕ್ಕೆ ಬಂದ ತಾರೀಖಿನ ನಮೂದು, ಹೊರಗೆ ಹೋಗಿದ್ದರೆ ಯಾರ ಸಹಿಗೆ ಹೋಯಿತು ಅನ್ನುವ ನಮೂದು, ನಾಶ ಮಾಡಿದ್ದರೆ ನಾಶದ ಪಟ್ಟಿಯ ಆ ಪುಟ ಕೊಡಿ. ಕಾಯಿದೆಯ 4ನೇ ಕಲಮಿನ ಪ್ರಕಾರ ದಾಖಲೆಗಳ ಪಟ್ಟಿ, ಸೂಚಿ ಇಡಲೇಬೇಕು. ಇದ್ದ ಕಡತ ಸಿಗುತ್ತಿಲ್ಲ ಅನ್ನುವುದು ಕಾಯಿದೆ ಒಪ್ಪುವ ವಿನಾಯಿತಿ ಆಗಲಾರದು, ಸರಿಯಾಗಿ ಹುಡುಕಿ, ಕಳೆದವರ ಮೇಲೆ ಹೊಣೆ ಹೊರಿಸಬೇಕು ಅಂತ ದೆಹಲಿ ಹೈಕೋರ್ಟು 2013ರಲ್ಲಿ ಹೇಳಿದೆ. ಕರ್ತೃಪದ ಇಲ್ಲದ ವಾಕ್ಯಕ್ಕೆ ಕರ್ತೃವನ್ನು ಹುಡುಕುವುದು ಹೀಗೆ.

ಈಗ ಅವಸರವೂ ಇದೆ. 2024ರಿಂದ ಭೂ ಸುರಕ್ಷಾ ಅಂತ ತಾಲ್ಲೂಕುಗಳ ಹಳೇ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಒಳ್ಳೇದು, ನಾವು ಸ್ವಾಗತ ಮಾಡುತ್ತೇವೆ. ಗೆದ್ದಲಿನಿಂದ, ತಿದ್ದುವವರಿಂದ ಕಾಗದ ಉಳಿಯುತ್ತದೆ. ಆದರೆ ಸ್ಕ್ಯಾನಿಗೆ ಸಿಗದ ಕಡತ ಇನ್ನು ಮುಂದೆ ಹುಟ್ಟಲೇ ಇಲ್ಲ ಅಂತಾಗುತ್ತದೆ. ರಿಜಿಸ್ಟರಿನಲ್ಲಿ ನಂಬರು ಇದ್ದು ಕಟ್ಟಿನಲ್ಲಿ ಸಿಗದ ಕಡತಗಳು ಯಾವುವು ಅಂತ ಊರುವಾರು ಪಟ್ಟಿ ಮಾಡಿ ಪ್ರತಿ ತಾಲ್ಲೂಕು ಕಛೇರಿಯ ಗೋಡೆಗೆ ಅಂಟಿಸಬೇಕು ಅನ್ನುವುದು ನಮ್ಮ ಒತ್ತಾಯ. ಆ ಪಟ್ಟಿಯಲ್ಲಿ ಕೇರಿಯವರ ಹೆಸರು ಎಷ್ಟು, ಊರವರ ಹೆಸರು ಎಷ್ಟು ಅಂತ ಎಣಿಸೋಣ.

ನಮ್ಮವರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಸುಳ್ಳಾಗುತ್ತದೆ. ಹಳೇ ಮಂಜೂರಾತಿ ಹುಡುಕಿ ತೆಗೆದು, ಕೇಸು ಹಾಕುತ್ತೇವೆ ಅಂತ ಲೇಔಟಿನವರನ್ನು ಹೆದರಿಸಿ, ದುಡ್ಡು ಇಸಿದುಕೊಂಡು, ಮುದುಕರ ಕೈಗೆ ಚಿಲ್ಲರೆ ಕೊಟ್ಟು ಕಳಿಸುವ ದಲ್ಲಾಳಿಗಳು ನಮ್ಮ ನಡುವೆಯೇ ಹುಟ್ಟಿದ್ದಾರೆ. ಅವರ ಶರ್ಟಿನ ಜೇಬಲ್ಲೂ ಬಾಬಾಸಾಹೇಬರ ಫೋಟೋ ಇದೆ. ಅವರಿಗೆ ಪಹಣಿ ಓದಲು ಬರುತ್ತದೆ, ಕವಿತೆ ಬರೆಯುವ ನಮಗೆ ಬರುವುದಿಲ್ಲ. 'ಹೆಂಡ ಬೇಡ, ಭೂಮಿ ಬೇಕು' ಅಂತ ಈ ಜಿಲ್ಲೆಯ ಬೀದಿಗಳಲ್ಲಿ ಕೂಗಿದವರ ಮಕ್ಕಳು ನಾವು. ಕೇರಿಗೊಬ್ಬ ಓದಿದ ಹುಡುಗ, ಹುಡುಗಿ ಈ ಪುಸ್ತಕಗಳ ಹೆಸರು ಕಲಿತರೆ ದಲ್ಲಾಳಿಗೆ ಕೆಲಸ ಇರುವುದಿಲ್ಲ. ನಿಮ್ಮ ಮನೆಯ ಟ್ರಂಕಿನಲ್ಲಿ ಕಂದಾಯ ಕಟ್ಟಿದ ರಶೀದಿ ಒಂದಿದ್ದರೂ ಎಸೆಯಬೇಡಿ, ಸಭೆಗೆ ಬರುವಾಗ ತನ್ನಿ, ಕೂತು ಓದೋಣ.

ಅಜ್ಜನ ಅರ್ಜಿ ಕೊಟ್ಟು ಇವತ್ತಿಗೆ ಹತ್ತೊಂಬತ್ತು ದಿನ. ಕೊಡುವಾಗ ಅಜ್ಜ ಬಾಯಿ ತಪ್ಪಿ ಮತ್ತೆ 'ಬುದ್ದೀ' ಅಂದ, ಆಮೇಲೆ ತಾನೇ ನಿಲ್ಲಿಸಿ, 'ಸ್ವೀಕೃತಿ ಕೊಡಿ ಸಾರ್, ಸೀಲು ಹಾಕಿ' ಅಂದ. ಹೋಗಿ ನೋಡಿದರೆ ಮನೆಯ ಗೋಡೆಯ ಮೇಲೆ ಇದ್ದಿಲಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದಾನೆ. 'ಮೂವತ್ತಕ್ಕೆ ಇನ್ನೆಷ್ಟು ಮಗಾ?' ಅಂತ ಕೇಳಿದ. 'ಹನ್ನೊಂದು ಅಜ್ಜ' ಅಂದೆವು. ಅವತ್ತೂ ಉತ್ತರ ಬರದಿದ್ದರೆ ಮೊದಲನೇ ಮೇಲ್ಮನವಿ. ಅದನ್ನು ಬರೆದು ಇಟ್ಟುಕೊಂಡಿದ್ದೇವೆ, ತಾರೀಖು ಮಾತ್ರ ತುಂಬಿಲ್ಲ.