ಸುತ್ತಿಗೆ ಕೆಳಗಿಡಿ ಸ್ವಾಮೀ!

ಹಳೇ ಆರ್‌ಎಕ್ಸ್ 100 ಇಟ್ಟುಕೊಂಡವರ ಮೇಲೆ ಕೆಲವು ಗ್ಯಾರೇಜುಗಳಿಗೆ ಏನೋ ಹಳೇ ದ್ವೇಷ ಇರಬೇಕು. 1996ರಲ್ಲೇ ತಯಾರಿಕೆ ನಿಂತ ಗಾಡಿ, 98 ಸಿಸಿಯ ಪುಟ್ಟ ಇಂಜಿನ್. ಕ್ರ್ಯಾಂಕ್ ಸೀಲ್ ಹೋಗಿದೆ, ಗಾಳಿ ಎಳೀತಿದೆ ಅಂತ ಕೊಟ್ಟರೆ ಮ್ಯಾಗ್ನೆಟ್ ನಟ್ ಬಿಚ್ಚುತ್ತಾರೆ, ಒಂದೆರಡು ಸಲ ಅಲ್ಲಾಡಿಸಿ ನೋಡ್ತಾರೆ. ಬರಲ್ಲ. ತಕ್ಷಣ "ಲೇ, ಸುತ್ತಿಗೆ ತಾರೋ!"

ಯಾಕೆ ಬರಲ್ಲ ಅಂತ ಒಂದು ನಿಮಿಷ ಯೋಚಿಸಿದ್ದೀರಾ? ಕ್ರ್ಯಾಂಕ್ ತುದಿ ಟೇಪರ್ ಆಗಿದೆ, ಮ್ಯಾಗ್ನೆಟ್ ಒಳಗಿನ ತೂತೂ ಟೇಪರ್. ನಟ್ ಬಿಗಿ ಮಾಡಿದಾಗ ಮರಕ್ಕೆ ಹೊಡೆದ ಬೆಣೆ ಥರ ಒಂದರೊಳಗೊಂದು ಕಚ್ಚಿಕೊಳ್ಳುತ್ತೆ. ಭಾರ ಹೊರೋದು ಆ ಹಿಡಿತವೇ. ಅರ್ಧಚಂದ್ರದ ಕೀ ಇರೋದು ಟೈಮಿಂಗ್ ಜಾಗ ತೋರಿಸೋಕೆ ಮಾತ್ರ. ಮೂವತ್ತು ವರ್ಷ ಕಚ್ಚಿ ಕೂತಿದ್ದು ನಿಮ್ಮ ಬೈಗುಳಕ್ಕೆ ಬಿಡುತ್ತಾ?

ಈಗ ಸುತ್ತಿಗೆ ಕಥೆ. ಈ ಟೂ ಸ್ಟ್ರೋಕ್ ಕ್ರ್ಯಾಂಕ್ ಒಂದೇ ತುಂಡಲ್ಲ ಮಾರಾಯ್ರೆ! ಎರಡು ವೆಬ್, ನಡುವೆ ಒಂದು ಪಿನ್, ಪ್ರೆಸ್‌ನಲ್ಲಿ ಒತ್ತಿ ಕೂರಿಸಿದ್ದು. ಅಂಚಿಗೆ ಬಿದ್ದ ಏಟು ಅದನ್ನ ಓರೆ ಮಾಡಬಹುದು, ಬೇರಿಂಗ್ ಮೇಲೆ ಗುಳಿ ಬೀಳಿಸಬಹುದು. ಅಯಸ್ಕಾಂತ ಬಿರುಕು ಬಿಡೋದು ಇನ್ನೊಂದು. ಅಂಚಿಗೆ ಮೂರು ಕಾಲಿನ ಪುಲ್ಲರ್ ಹಾಕಿ ಎಳೆಯೋ ಬುದ್ಧಿವಂತರೂ ಇದ್ದಾರೆ, ಅಂಚೇ ಸೊಟ್ಟಗಾಗುತ್ತೆ. ಗ್ಯಾಸ್ ಟಾರ್ಚ್ ಹಿಡಿಯೋರಿಗಂತೂ ಕೈ ಮುಗಿಯಬೇಕು: ಕಾದರೆ ಅಯಸ್ಕಾಂತದ ಶಕ್ತಿ ಕುಗ್ಗುತ್ತೆ, ಹಿಂದಿರೋ ಸೀಲೂ ಸುಡುತ್ತೆ.

"ನಮ್ಮ ಗುರುಗಳು ಹೀಗೇ ಬಿಚ್ಚುತ್ತಿದ್ದರು ಸಾರ್, ಏನೂ ಆಗಿಲ್ಲ." ಹೌದು, ಮ್ಯಾಗ್ನೆಟ್ ಕೈಗೆ ಬರುತ್ತೆ. ಏಟಿನ ಫಲ ಗೊತ್ತಾಗೋದು ಮೂರು ತಿಂಗಳ ನಂತರ, ಫುಟ್‌ರೆಸ್ಟ್ ನಡುಗೋಕೆ ಶುರುವಾದಾಗ. ಆಗ ಅದೇ ಮನುಷ್ಯ "ಗಾಡಿ ಹಳೇದಾಯ್ತು, ಕ್ರ್ಯಾಂಕ್ ರೀಬೋರಿಂಗ್ ಕೆಲಸ ಜೊತೆಗೇ ಮಾಡಿಸಿಬಿಡಿ" ಅಂತಾನೆ. ದುಡ್ಡು ಯಾರದ್ದು?

ಕಂಪನಿಯವರು ಹಬ್‌ನಲ್ಲಿ ಥ್ರೆಡ್ ಕೊಟ್ಟಿರೋದು ಅಂದಕ್ಕಲ್ಲ. ಅದಕ್ಕೆ ಸರಿಹೊಂದೋ ಪುಲ್ಲರ್ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಥ್ರೆಡ್ಡಿನ ಕೊಳೆ ತೆಗೀರಿ, ಪುಲ್ಲರನ್ನ ಪೂರ್ತಿ ಒಳಗೆ ತಿರುಗಿಸಿ. ಎರಡೇ ಸುತ್ತಿಗೆ ನಿಲ್ಲಿಸಿದರೆ ಹಬ್ ಥ್ರೆಡ್ ಕಿತ್ತು ಬರುತ್ತೆ, ಇಲ್ಲೇ ಎಲ್ಲರೂ ಅವಸರ ಮಾಡೋದು. ನಡುವಿನ ಬೋಲ್ಟ್ ಬಿಗಿ ಮಾಡಿ. ಬರಲಿಲ್ವಾ? ಬೋಲ್ಟಿನ ತಲೆಗೆ ಚುರುಕಾಗಿ ಒಂದು ಸಣ್ಣ ಏಟು, ಸ್ವಲ್ಪ ಬಿಗಿ, ಮತ್ತೊಂದು ಏಟು. ಕಾಫಿ ಕುಡಿದು ಬನ್ನಿ. ಟಪ್ ಅಂತ ಬಿಟ್ಟುಕೊಳ್ಳುತ್ತೆ. (ಕ್ರ್ಯಾಂಕ್ ತಿರುಗದಂತೆ ಸಿಲಿಂಡರಿಗೆ ಹಗ್ಗ ತುಂಬಬೇಡಿ. ಪೋರ್ಟಿಗೆ ಸಿಕ್ಕಿಕೊಂಡರೆ ಹೊಸ ತಲೆನೋವು. ಮ್ಯಾಗ್ನೆಟ್ ಹಿಡಿಯೋ ಹೋಲ್ಡರ್ ಇದೆಯಲ್ಲ!)

ಹಿಂದಿನ ಪುಣ್ಯಾತ್ಮ ಥ್ರೆಡ್ಡೇ ಹಾಳು ಮಾಡಿದ್ದರೆ ಲೇತ್ ಅಂಗಡಿಗೆ ಹೋಗಿ. ಹಬ್‌ಗೆ ತೂತು ಕೊರೆದು, ಟ್ಯಾಪ್ ಹಾಕಿ, ಪ್ಲೇಟ್ ಬಿಗಿದು ಎಳೆಯೋರು ಇದ್ದಾರೆ. ಮ್ಯಾಗ್ನೆಟ್ ಹೋದರೆ ಹೋಗಲಿ, ಕ್ರ್ಯಾಂಕ್ ಉಳೀಬೇಕು. ಯೆಜ್ಡಿ ಓಡಿಸೋರಿಗೆ ಇದನ್ನ ಹೇಳಬೇಕಾಗಿಲ್ಲ. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿದ ಮೇಲೆ ಒಂದೊಂದು ಒರಿಜಿನಲ್ ಪಾರ್ಟಿಗೂ ಅಲೆದವರು ಅವರು.

ಇನ್ನು ಗಾಡಿ ಮಾಲೀಕರಿಗೆ: ಗ್ಯಾರೇಜಿಗೆ ಕೊಡೋ ಮುಂಚೆ "ಪುಲ್ಲರ್ ಇದೆಯಾ, ತೋರಿಸಿ" ಅಂತ ಕೇಳಿ. ಮುಖ ಸಿಂಡರಿಸಿದರೆ ಕೀ ವಾಪಸ್ ಇಸ್ಕೊಂಡು ಬನ್ನಿ.